ಪಟ್ಟರ್ ಅಕ್ಕ

ಅಕ್ಕ ತೀರಿಕೊಂಡ ದಿನ ಅವರ ಮನೆಯ ಮುಂದೆ ಎರಡು ಬಗೆಯ ಜನ ಸೇರಿದ್ದರು. ಒಂದು ಕಡೆ ಕುಶಾಲನಗರದ ನಾವು: ಅಕ್ಕಪಕ್ಕದ ಅಂಗಡಿಯವರು, ಶಿರಂಗಾಲದ ಕಡೆಯ ಪರಿಚಯದವರು, ಅವರ ಗಂಡನ ಜೊತೆ ದುಬಾರೆಯ ಆನೆ ಶಿಬಿರದಲ್ಲಿ ಕೆಲಸ ಮಾಡಿದ್ದ ಮಾವುತರು. ಇನ್ನೊಂದು ಕಡೆ ಬೆಂಗಳೂರು, ಮೈಸೂರಿನಿಂದ ಕಾರಿನಲ್ಲಿ ಬಂದಿಳಿದಿದ್ದ ಕೆಲವರು. ಅವರ ಮುಖ, ಮೊಣಕೈ ಬಿಸಿಲಿಗೆ ಕಪ್ಪಾಗಿದ್ದವು, ಎಡಗೈಯ ಬೆರಳುಗಳು ಮಾತ್ರ ಬೆಳ್ಳಗಿದ್ದವು. ಗಾಲ್ಫ್ ಆಡುವವರು ಎಡಗೈಗೆ ಗ್ಲೌಸ್ ಹಾಕುತ್ತಾರೆ. ಅದು ನನಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಶುಂಠಿ ವ್ಯಾಪಾರಿ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದ:

"ಇವ್ರೆಲ್ಲ ಅಕ್ಕನ ಹತ್ರ ಹಲ್ಲು ಕಟ್ಟಿಸ್ಕಂಡೋರಾ?"

ಸಾವಿನ ಮನೆಯಲ್ಲಿ ನಗಬಾರದು ಎಂದು ತುಟಿ ಕಚ್ಚಿಕೊಂಡೆ. ಆದರೆ ಅಕ್ಕ ಕೇಳಿಸಿಕೊಂಡಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಊರಿನ ಬಹಳಷ್ಟು ಮಂದಿಗೆ ಅವರು ಕೊನೆಯವರೆಗೂ ಹಲ್ಲಿನ ಅಕ್ಕನೇ. ದಂತವೈದ್ಯರು ಅಳತೆ ಕಳಿಸಿದರೆ ಕಟ್ಟುಹಲ್ಲು ತಯಾರಿಸಿ ಕೊಡುವ ಒಂದು ಸಣ್ಣ ಲ್ಯಾಬಿನಲ್ಲಿ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಪಶ್ಚಿಮ ಕೊಡಗಿನ ಅರೆಭಾಷೆ ಗೌಡರ ಮನೆಯಲ್ಲಿ ಹುಟ್ಟಿದವರು, ಮದುವೆಯಾಗಿ ಕುಶಾಲನಗರಕ್ಕೆ ಬಂದವರು. ಗಂಡ ಅರಣ್ಯ ಇಲಾಖೆಯಲ್ಲಿ ಡ್ರೈವರ್. ಅಂಥ ಹೆಂಗಸು ಗಾಲ್ಫ್ ಆಡುವವರಿಗೆ ಕೋಲು ಮಾಡಿಕೊಡುತ್ತಾರೆ, ಆ ಕೋಲು ಚೆನ್ನೈಗೆ, ದೆಹಲಿಗೆ, ಕಡಲು ದಾಟಿ ಕೊಲಂಬೊಗೆ ಹೋಗುತ್ತದೆ ಎಂದರೆ ನಂಬುವವರು ಕಡಿಮೆ. ನಾನು ನಂಬಲೇಬೇಕಾಗಿತ್ತು. ಅವನ್ನೆಲ್ಲ ಕಳಿಸುತ್ತಿದ್ದವನು ನಾನೇ.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕೊರಿಯರ್ ಅಂಗಡಿ ಇದೆ. ಅದರ ಬೆನ್ನಿಗೇ ಅಂಟಿಕೊಂಡಂತೆ ಶೀಟ್ ಹೊದಿಸಿದ ಒಂದು ಶೆಡ್ಡು. ಅಕ್ಕ ಅದನ್ನು ಬಾಡಿಗೆಗೆ ಹಿಡಿದ ವಾರವೇ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಒಳಗೆ ಎಂಥ ಉಂಟು ಅಕ್ಕ?" ಎಂದೆ. ಕೇಳುವುದು ನಮ್ಮ ನಿಯಮ.

"ಪಟ್ಟರ್."

"ಬಟರಾ? ಬಟರ್ ಆದ್ರೆ ಚೆನ್ನೈಗೆ ಹೋಗೋಷ್ಟರಲ್ಲಿ ಕರಗಿಹೋಗತ್ತಲ್ಲ?"

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಸೀರೆಯನ್ನು ಬಿಚ್ಚಿ, ಒಳಗಿದ್ದದ್ದನ್ನು ನನ್ನ ಕೈಗೆ ಕೊಟ್ಟು, ಅಂಗಡಿಯ ಗಾರೆ ನೆಲದ ಮೇಲೆ ಒಂದು ಬಿಳಿ ಚೆಂಡನ್ನು ಇಟ್ಟರು. "ಆ ಕುರ್ಚಿಯ ಕಾಲಿಗೆ ತಾಗಿಸು ನೋಡುವ" ಎಂದರು. ನಾನು ಹೊಡೆದ ಚೆಂಡು ಬಾಗಿಲು ದಾಟಿ, ಮೆಟ್ಟಿಲು ಇಳಿದು ರಸ್ತೆಗೆ ಹೋಯಿತು. ಅದನ್ನು ಅವರೇ ಓಡಿಹೋಗಿ ತಂದರು. "ಈಗ ಗೊತ್ತಾಯ್ತಲ್ಲ, ಇದು ಹೊಡೆಯೋ ಕೋಲಲ್ಲ. ಉರುಳಿಸೋ ಕೋಲು."

ಗಾಲ್ಫ್ ಎಂದರೆ ನನಗೆ ಅಲ್ಲಿಯವರೆಗೆ ದೂರದ ಬೇಲಿಯಾಚೆಯ ಹಸಿರು ಮಾತ್ರ. ಚೆಂಡನ್ನು ದೂರಕ್ಕೆ ಬಾರಿಸಲು ಒಂದಷ್ಟು ಕೋಲುಗಳಿರುತ್ತವೆ, ಕೊನೆಗೆ ಚೆಂಡು ಗುಳಿಯ ಹತ್ತಿರದ ನುಣುಪು ಹುಲ್ಲಿಗೆ ಬಂದ ಮೇಲೆ ಮೆಲ್ಲಗೆ ತಳ್ಳಿ ಗುಳಿಗೆ ಬೀಳಿಸಲು ಇರುವ ಕೋಲೇ ಪಟ್ಟರ್ ಎಂದು ಹೇಳಿಕೊಟ್ಟವರು ಅಕ್ಕ. "ದೂರ ಹೊಡೆಯೋಕೆ ಮೈಯಲ್ಲಿ ಶಕ್ತಿ ಇದ್ರೆ ಸಾಕು. ಇಲ್ಲಿ ಮನುಷ್ಯನ ಒಳಗಿನ ಹೆದರಿಕೆಯೆಲ್ಲ ಬೆರಳಿಗೆ ಬಂದು ನಿಂತಿರ್ತದೆ ತಮ್ಮ" ಎನ್ನುತ್ತಿದ್ದರು.

ಅವರನ್ನು ಈ ಕಸುಬಿಗೆ ತಂದವರು ಸುಂಟಿಕೊಪ್ಪದ ಕಡೆಯ ಒಬ್ಬ ಕಾಫಿ ತೋಟದ ಸಾಹುಕಾರರು. ಅವರಿಗೆ ಅಕ್ಕ ಹಲ್ಲಿನ ಸೆಟ್ ಮಾಡಿಕೊಟ್ಟಿದ್ದರು. ಸರಿಹೋಯಿತೆಂದು ಹೇಳಲು ಲ್ಯಾಬಿಗೇ ಬಂದ ಸಾಹುಕಾರರು, ಬಾಯಿಗೆ ಇಷ್ಟು ಸರಿಯಾಗಿ ಕೂರುವ ಹಲ್ಲು ಮಾಡುವವರಿದ್ದಾರೆ, ಕೈಗೆ ಸರಿಯಾಗಿ ಕೂರುವ ಪಟ್ಟರ್ ಮಾಡುವವರು ಮಾತ್ರ ದೇಶದಲ್ಲೇ ಇಲ್ಲ ಎಂದು ಗೊಣಗಿದರಂತೆ. ಅಕ್ಕನಿಗೆ ಪಟ್ಟರ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಆದರೂ, "ತಂದು ತೋರ್ಸಿ ಸಾರ್" ಎಂದುಬಿಟ್ಟರು. ಸಾಹುಕಾರರು ಅವರನ್ನು ಜೀಪಿನಲ್ಲಿ ಬೆಟ್ಟದ ಮೇಲಿನ ಗಾಲ್ಫ್ ಮೈದಾನಕ್ಕೇ ಕರೆದುಕೊಂಡು ಹೋದರು. ಮಧ್ಯಾಹ್ನವೆಲ್ಲ ಅಕ್ಕ ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತು ಸಾಹುಕಾರರ ಕೈ ನೋಡಿದರು. ಚೆಂಡನ್ನು ಒಮ್ಮೆಯೂ ನೋಡಲಿಲ್ಲವಂತೆ. ಮನೆಗೆ ಬಂದು ಹಲ್ಲಿನ ಅಚ್ಚಿಗೆ ಬಳಸುವ ಮೇಣದಲ್ಲೇ ಒಂದು ಪಟ್ಟರಿನ ತಲೆಯನ್ನು, ಎಂದರೆ ಚೆಂಡಿಗೆ ತಾಗುವ ತುದಿಯನ್ನು, ತಿದ್ದಿದರು. ಮೇಣಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಸುಟ್ಟು, ಮೇಣ ಕರಗಿ ಹರಿದುಹೋದ ಜಾಗಕ್ಕೆ ಹಿತ್ತಾಳೆ ಸುರಿದರು. ಮೊದಲನೆಯದು ತೂಕ ಹೆಚ್ಚಾಯಿತು. ಎರಡನೆಯದು ಸೊಟ್ಟಗಾಯಿತು. ಆಮೇಲಿನದ್ದನ್ನು ಹಿಡಿದುಕೊಂಡು ಸಾಹುಕಾರರು ಆ ವರ್ಷದ ಕಪ್ ಗೆದ್ದರು.

ಗೆದ್ದ ಮೇಲೆ ಕೇಳಬೇಕೆ? ಮೈದಾನಕ್ಕೆ ಬಂದವರೆಲ್ಲ ಅದನ್ನು ಹಿಡಿದು ನೋಡಿದರು. ಅಕ್ಕ ಲ್ಯಾಬು ಬಿಟ್ಟು ನನ್ನ ಅಂಗಡಿಯ ಬೆನ್ನಿಗೆ ಬಂದರು.

ಮೇಣದ ಮೇಲೆ ಮೆತ್ತುವ ಮಣ್ಣಿಗೆ ಅವರು ಆನೆ ಲದ್ದಿ ಬೆರೆಸುತ್ತಿದ್ದರು. ಲದ್ದಿಯಲ್ಲಿರುವ ನಾರು ಬೆಂಕಿಗೆ ಉರಿದುಹೋಗಿ ಮಣ್ಣಿನಲ್ಲಿ ಸಣ್ಣ ಸಣ್ಣ ದಾರಿಗಳಾಗುತ್ತವೆ, ಹಿತ್ತಾಳೆ ಸುರಿದಾಗ ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ದುಬಾರೆಯಿಂದ ಗಂಡ ಚೀಲದಲ್ಲಿ ತಂದುಕೊಡುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಹೊಸ ಗಿರಾಕಿ ಯಾರಾದರೂ ಶೆಡ್ಡಿನ ವಾಸನೆಗೆ ಮೂಗು ಮುಚ್ಚಿಕೊಂಡರೆ, "ಕ್ಯಾಂಪಿನ ದೊಡ್ಡ ಗಂಡಾನೆಯದ್ದು ಸಾರ್, ನಿಮಗೇ ಅಂತ ತಂದಿದ್ದು" ಎಂದು ಗಂಭೀರವಾಗಿ ಹೇಳಿ ಹೋಗುತ್ತಿದ್ದ.

ಗಿರಾಕಿಯ ಅಳತೆ ತೆಗೆಯುವುದು ನೋಡಬೇಕಿತ್ತು. ಶೆಡ್ಡಿನ ನಡುವೆ ಹಾಸಿದ ಹಸಿರು ಕಾರ್ಪೆಟ್ಟಿನ ಮೇಲೆ ಅವರನ್ನು ನಿಲ್ಲಿಸಿ, ತಾವು ಮಣೆಯ ಮೇಲೆ ಕೂರುವರು. ಬಂದವರು ಗಂಭೀರವಾಗಿ ಮಂಡಿ ಬಗ್ಗಿಸಿ, ಉಸಿರು ಬಿಗಿಹಿಡಿದು, ಪುಸ್ತಕದಲ್ಲಿ ನೋಡಿದಂತೆ ನಿಲ್ಲುವರು. ಆಗ ಅಕ್ಕ, "ಬೆಳಿಗ್ಗೆ ತಿಂಡಿ ಎಂಥ ಸಾರ್?" ಎಂದು ಶುರುಮಾಡುವರು. ದೋಸೆ ಎಂದರೆ ಚಟ್ನಿ ಯಾವುದು, ಕಾಯಿಯದ್ದೋ ಶೇಂಗಾದ್ದೋ, ಮನೆಯಲ್ಲಿ ಯಾರು ಮಾಡುವುದು. ಉತ್ತರ ಹೇಳುತ್ತ ಹೇಳುತ್ತ ಆ ಮನುಷ್ಯನ ಭುಜ ಇಳಿಯುತ್ತಿತ್ತು, ಮಂಡಿ ಸಡಿಲವಾಗುತ್ತಿತ್ತು. ಅಲ್ಲಿಂದ ಮುಂದೆ ಉರುಳಿಸಿದ ಚೆಂಡುಗಳನ್ನು ಮಾತ್ರ ಅಕ್ಕ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. "ಇದು ಇವ್ರ ನಿಜವಾದ ಕೈ. ಮುಂಚಿನದ್ದು ಟೀವಿ ನೋಡಿ ಕಲಿತ ಕೈ."

ಮುಗಿದ ಪಟ್ಟರಿನ ತಳದಲ್ಲಿ ಒಂದು ಸಣ್ಣ ಮುದ್ರೆ ಒತ್ತುತ್ತಿದ್ದರು. ಕಾಫಿ ಹೂವು ಇರಬೇಕು, ಕೊಡಗಲ್ಲವೇ ಎಂದು ಗಿರಾಕಿಗಳು ಮೆಚ್ಚಿಕೊಳ್ಳುತ್ತಿದ್ದರು. ಅಕ್ಕ ಸರಿಯೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅದು ದವಡೆ ಹಲ್ಲು.

ಅವರ ಸಿಟ್ಟಿನ ಬಗ್ಗೆ ಹೇಳದೆ ಹೋದರೆ ಚಿತ್ರ ಪೂರ್ತಿಯಾಗುವುದಿಲ್ಲ. ಮೈಸೂರಿನಿಂದ ಬಂದ ಹೋಟೆಲ್ ಮಾಲೀಕರೊಬ್ಬರು ಪಟ್ಟರಿಗೆ ಚಿನ್ನದ ನೀರು ಹಾಕಿಸಬೇಕು, ಮುಂಭಾಗದಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರಬೇಕು ಎಂದರು. ಅಕ್ಕ ಬಾಗಿಲ ಕಡೆ ಕೈ ತೋರಿಸಿ, "ಚಿನ್ನದ ಅಂಗಡಿ ಮೇನ್ ರೋಡಲ್ಲಿ ಉಂಟು. ಆರು ಗಂಟೆಗೆಲ್ಲ ಬಾಗಿಲು ಹಾಕ್ತಾರೆ, ಬೇಗ ಹೋಗಿ" ಎಂದರು. ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದೂ ನನಗೆ ನೆನಪಿಲ್ಲ. ಜನ ಫೋನು ಮಾಡಿ ಮಾಡಿ ಸೋತು ಕೊನೆಗೆ ನನಗೆ ಮಾಡುತ್ತಿದ್ದರು. ಯಾವಾಗ ಆಗುತ್ತದೆ ಎಂದು ನಾನು ಕೇಳಿದರೆ ಒಂದೇ ಉತ್ತರ: "ಮಣ್ಣು ಒಣಗಿದ ಮೇಲೆ."

ಅಂಥವರು ಒಂದು ಸಲ ಮಣ್ಣು ಒಣಗುವವರೆಗೆ ಕಾಯಲಿಲ್ಲ.

ಬೆಂಗಳೂರಿನಲ್ಲಿ ಗಾಲ್ಫ್ ಸಾಮಾನು ಮಾರುವ ಒಬ್ಬ ವ್ಯಾಪಾರಿ ಇದ್ದ. ಒಬ್ಬೊಬ್ಬರ ಅಳತೆಗೆ ಒಂದೊಂದು ಮಾಡುತ್ತ ಕೂತರೆ ನಿಮ್ಮ ಹೆಸರು ಯಾವಾಗ ಬೆಳೆಯುವುದು, ಒಂದೇ ಮಾದರಿಯಲ್ಲಿ ಒಟ್ಟಿಗೆ ಒಂದು ಕಂತು ಮಾಡಿಕೊಡಿ, ಮಳೆ ಮುಗಿಯುತ್ತಿದ್ದಂತೆ ದೊಡ್ಡ ಪಂದ್ಯಗಳು ಶುರುವಾಗುತ್ತವೆ, ಅಷ್ಟರಲ್ಲಿ ಕೊಟ್ಟರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಮ್ಮದೇ ಇಡುತ್ತೇನೆ ಎಂದ. ಅಕ್ಕನಿಗೆ ಆಸೆಯಾಯಿತು. ಆಸೆಯಾಗುವುದು ತಪ್ಪೇನಲ್ಲ. ಆದರೆ ಅದು ಕಕ್ಕಡ ತಿಂಗಳು. ಕೊಡಗಿನಲ್ಲಿ ಕಕ್ಕಡದ ಮಳೆ ಹಿಡಿದರೆ ತಂತಿಯ ಮೇಲಿನ ಬಟ್ಟೆಗೇ ಬೂಸಲು ಬರುತ್ತದೆ, ಇನ್ನು ಮಣ್ಣಿನ ಅಚ್ಚು ಒಣಗುವುದೆಲ್ಲಿ? ಅಕ್ಕ ಅಚ್ಚುಗಳನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಜೋಡಿಸಿದರು, ಕೆಂಡದ ಸುತ್ತ ಇಟ್ಟರು, ಮಗುವನ್ನು ತಿರುಗಿಸಿ ಮಲಗಿಸಿದಂತೆ ಮಗ್ಗುಲು ಬದಲಿಸುತ್ತಿದ್ದರು. "ಒಣಗಿಲ್ಲ ಕಣೇ" ಎಂದು ಗಂಡ ಹೇಳಿದನಂತೆ. "ಸಾಕು, ಸುಡುವಾಗ ಒಣಗ್ತದೆ" ಎಂದು ಇವರು.

ಪಟ್ಟರುಗಳು ಹೋದವು. ನೋಡಲು ಒಂದಕ್ಕಿಂತ ಒಂದು ಚಂದ. ಗಾಜಿನ ಕಪಾಟಿನಲ್ಲಿ ಅವು ನಿಂತ ಫೋಟೊ ಬಂದಾಗ ಅಕ್ಕ ಅದನ್ನು ದೊಡ್ಡದು ಮಾಡಿ ದೊಡ್ಡದು ಮಾಡಿ ನೋಡಿದರು.

ಕಳಿಸದೆ ಒಂದೆರಡನ್ನು ಶೆಡ್ಡಿನಲ್ಲೇ ಉಳಿಸಿಕೊಂಡಿದ್ದರು. ಆ ಹೊತ್ತಿಗೆ ಸುಂಟಿಕೊಪ್ಪದ ಸಾಹುಕಾರರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದರು. ಚೆಂಡು ಎಲ್ಲಿದೆ, ಗುಳಿ ಎಲ್ಲಿದೆ ಎಂಬ ಅಂದಾಜೇ ಸಿಗದೆ ಆಟ ಕೆಟ್ಟಿತ್ತು. ಅಕ್ಕ ಅವರಿಗಾಗಿ ಏನೇನೋ ತಿದ್ದಿ ನೋಡಿದ್ದರು, ಯಾವುದೂ ಹೊಂದಿರಲಿಲ್ಲ. ಒಂದು ದಿನ ಶೆಡ್ಡಿಗೆ ಬಂದವರು ಗೋಡೆಗೆ ಒರಗಿಸಿದ್ದ ಒಂದನ್ನು ಸುಮ್ಮನೆ ಎತ್ತಿಕೊಂಡು ಚೆಂಡು ಉರುಳಿಸಿದರು. ಮತ್ತೆ ಉರುಳಿಸಿದರು. ಆಮೇಲೆ ಅರ್ಧ ಗಂಟೆ ಉರುಳಿಸುತ್ತಲೇ ಇದ್ದರು.

"ಇದು ನನಗೆ ಬೇಕಮ್ಮ."

"ಅದು ನಿಮಗೆ ಅಂತ ಮಾಡಿದ್ದಲ್ಲ ಸಾರ್. ಯಾರಿಗೂ ಅಂತ ಮಾಡಿದ್ದಲ್ಲ ಅದು."

"ಇರಬಹುದು. ಆದ್ರೆ ಇದಕ್ಕೆ ನಾನು ಗೊತ್ತು."

ಅಕ್ಕನಿಗೆ ಸ್ವಲ್ಪ ಅವಮಾನವೇ ಆಯಿತು ಎನ್ನಬೇಕು. ಅಳತೆ ತೆಗೆದು ಮಾಡಿದ್ದೆಲ್ಲ ಸೋತು, ಅಳತೆಯೇ ಇಲ್ಲದ್ದು ಗೆದ್ದಿತ್ತು. ಆದರೂ ಕೊಟ್ಟರು. ಆ ಮಳೆಗಾಲದ ನಂತರ ಸಾಹುಕಾರರು ಮತ್ತೆ ಆಟಕ್ಕೆ ಇಳಿದರು, ಮತ್ತೆ ಗುಳಿಗೆ ಬೀಳಿಸತೊಡಗಿದರು. ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಾರೆ ಎಂದು ಅವರ ಮನೆಯವರೇ ನನ್ನ ಹತ್ತಿರ ಹೇಳಿದ್ದರು.

ಹುತ್ತರಿ ಹಬ್ಬ ಕಳೆದು, ತೋಟಗಳಲ್ಲಿ ಕಾಫಿ ಕೊಯ್ಲು ಬಿರುಸಾಗಿದ್ದ ಸಮಯದಲ್ಲಿ ಅಕ್ಕನ ಮೊಬೈಲಿಗೆ ಒಂದು ಫೋಟೊ ಬಂತು. ಬೆಂಗಳೂರಿನ ಗಿರಾಕಿಯೊಬ್ಬನ ಪಟ್ಟರಿನ ತಲೆ, ಕೋಲಿಗೆ ಸೇರುವ ಕುತ್ತಿಗೆಯ ಹತ್ತಿರ ಮುರಿದು ಬಿದ್ದಿತ್ತು. ಮೆಲ್ಲಗೆ ತಳ್ಳಿದ್ದಷ್ಟೆ ಅಂತೆ. ಆತ ಅದನ್ನು ದೊಡ್ಡ ವಿಷಯ ಮಾಡಿರಲಿಲ್ಲ. ನಗುವ ಮುಖದ ಗುರುತು ಹಾಕಿ, "ಇನ್ನೊಂದು ಕಳಿಸಿಬಿಡಿ" ಎಂದಿದ್ದ. ಅಕ್ಕ ನಗಲಿಲ್ಲ. ಮುರಿದದ್ದನ್ನು ತರಿಸಿಕೊಂಡರು. ಪೊಟ್ಟಣ ನನ್ನ ಅಂಗಡಿಗೇ ಬಂತು, ಅಲ್ಲೇ ಬಿಚ್ಚಿದರು. ಹಲ್ಲಿನ ಕೆಲಸದ ಕಾಲದ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಮುರಿದ ಜಾಗವನ್ನು ನೋಡಿ ನನಗೂ ತೋರಿಸಿದರು. ಹಿತ್ತಾಳೆಯ ಒಳಗೆ ಇಡ್ಲಿ ಮುರಿದರೆ ಕಾಣುವಂತೆ ಸಣ್ಣ ಸಣ್ಣ ತೂತುಗಳು.

"ಹಸಿ ಅಚ್ಚು" ಎಂದರು. "ನೀರಾವಿ ಹೊರಗೆ ಹೋಗೋಕೆ ಆಗದೆ ಲೋಹದ ಒಳಗೇ ಕೂತುಬಿಟ್ಟಿದೆ."

ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಹೇಳಿದರು: "ಉಗುರಲ್ಲಿ ತಟ್ಟಿದಾಗಲೇ ಗೊತ್ತಾಗಿತ್ತು ತಮ್ಮ. ಒಣಗಿದ ಅಚ್ಚು ಟಣ್ ಅನ್ತದೆ. ಅವು ಅನ್ನಲಿಲ್ಲ. ಗೊತ್ತಿದ್ದೂ ಸುರಿದೆ."

ನನ್ನ ಮೇಜಿನ ಮುಂದೆ ಕೂತೇ ಬೆಂಗಳೂರಿನ ವ್ಯಾಪಾರಿಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ಎರಡೂ ಕಡೆಯ ಮಾತು ನನಗೆ ಕೇಳಿಸಿತು. ಆ ಕಂತಿನ ಎಲ್ಲವನ್ನೂ ವಾಪಸ್ ತರಿಸಬೇಕು ಎಂದರು ಅಕ್ಕ.

"ಒಂದು ಮುರಿದ್ರೆ ಒಂದು ಬದಲಾಯಿಸೋಣ ಮೇಡಂ. ಎಲ್ಲಾನೂ ಯಾಕೆ? ಜನ ಖುಷಿಯಾಗಿದ್ದಾರೆ. ನಾವೇ ಹೋಗಿ ಕೆಟ್ಟಿದೆ ಅಂತ ಹೇಳಿದ್ರೆ ನಿಮ್ಮ ಹೆಸರೂ ಹೋಗತ್ತೆ, ನಂದೂ ಹೋಗತ್ತೆ."

"ಚೆಂಡು ಬೀಳ್ಲಿಲ್ಲ ಅಂತ ಸಿಟ್ಟಲ್ಲಿ ಪಟ್ಟರ್ ಬೀಸೋರು ಇರ್ತಾರಲ್ಲ?"

"ಇರ್ತಾರೆ."

"ಬೀಸಿದಾಗ ತಲೆ ಕಳಚಿ ಹಾರಿದ್ರೆ ಆಡೋನಿಗೆ ಬೀಳೋದಿಲ್ಲ. ಎದುರಿಗೆ ಬಾವುಟದ ಕೋಲು ಹಿಡ್ಕೊಂಡು ನಿಂತಿರೋ, ಚೀಲ ಹೊರೋ ಕ್ಯಾಡಿ ಹುಡುಗನ ಮುಖಕ್ಕೆ ಬೀಳ್ತದೆ. ಅವನು ಪಟ್ಟರ್ ಕೊಂಡಿದ್ದಾನಾ? ತರಿಸಿ ಎಲ್ಲವನ್ನೂ."

ಆ ವ್ಯಾಪಾರಿ ಮತ್ತೆಂದೂ ಅವರಿಗೆ ಕೆಲಸ ಕೊಡಲಿಲ್ಲ. ಆದರೆ ಗಿರಾಕಿಗಳ ವಿಳಾಸ ಕೊಟ್ಟ, ಅದು ಅವನ ದೊಡ್ಡತನ. ಅಕ್ಕ ಒಬ್ಬೊಬ್ಬರಿಗೂ ತಾವೇ ಫೋನು ಮಾಡಿದರು. ಉದ್ದನೆಯ ಪೆಟ್ಟಿಗೆಗಳು ಒಂದೊಂದಾಗಿ ನನ್ನ ಅಂಗಡಿಗೆ ಹಿಂದಿರುಗತೊಡಗಿದವು. ಕಳಿಸುವಾಗ ನಾನೇ ಅಂಟಿಸಿದ್ದ ಟೇಪು ಕೆಲವುಗಳ ಮೇಲೆ ಹಾಗೇ ಇತ್ತು. ಅಕ್ಕ ಅವನ್ನು ಶೆಡ್ಡಿಗೆ ಒಯ್ದು ಹ್ಯಾಕ್ಸಾ ಬ್ಲೇಡಿನಿಂದ ಕುತ್ತಿಗೆ ಕತ್ತರಿಸುತ್ತಿದ್ದರು. ಕೆಲವುಗಳೊಳಗೆ ತೂತುಗಳಿದ್ದವು. ಹೆಚ್ಚಿನವು ಒಳಗೂ ಗಟ್ಟಿಯಾಗಿ, ಹೊಳೆಯುತ್ತ, ಒಂದು ಕಲೆಯೂ ಇಲ್ಲದೆ ಇದ್ದವು.

ನನಗೆ ನೋಡಲಾಗಲಿಲ್ಲ. "ಚೆನ್ನಾಗಿರೋದನ್ನೂ ಯಾಕೆ ಹಾಳು ಮಾಡ್ತೀರಿ ಅಕ್ಕ?" ಎಂದೆ.

"ಕತ್ತರಿಸದೆ ಚೆನ್ನಾಗಿದೆ ಅಂತ ಹೆಂಗೆ ಗೊತ್ತಾಗ್ತದೆ?" ಎಂದು ಬ್ಲೇಡು ಆಡಿಸುವುದನ್ನು ನಿಲ್ಲಿಸದೆ ಹೇಳಿದರು.

ಎಲ್ಲ ಬಂದವು, ಸಾಹುಕಾರರದ್ದೊಂದು ಬಿಟ್ಟು. ಫೋನು ಮಾಡಿದರೆ ಅವರು ಎತ್ತುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಅಕ್ಕ ನನ್ನ ವ್ಯಾನು ಹತ್ತಿ, "ಬೆಟ್ಟಕ್ಕೆ ಬಿಡು" ಎಂದರು.

ಮೈದಾನದಲ್ಲಿ ಸಾಹುಕಾರರು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ನಮ್ಮನ್ನು ಕಂಡೊಡನೆ ಪಟ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಅಷ್ಟು ವಯಸ್ಸಾದ ಮನುಷ್ಯ ಹಾಗೆ ಮಾಡಿದ್ದು ಕಂಡು ನನಗೆ ನಗುವೂ ಬಂತು, ಸಂಕಟವೂ ಆಯಿತು.

"ಕೊಡಿ ಸಾರ್."

"ಮುರಿದಾಗ ಮುರೀಲಿ ಬಿಡಮ್ಮ. ನಾನು ಬೀಸೋನಲ್ಲ, ಎಸೆಯೋನಲ್ಲ. ನನಗೆ ಉಳಿದಿರೋದು ಒಂದು ಕಣ್ಣು. ಇದು ಕೈಯಲ್ಲಿದ್ದಾಗ ಎರಡೂ ಇದ್ದ ಹಾಗೆ ಅನ್ನಿಸ್ತದೆ."

"ನಿಮ್ಮ ಮೊಮ್ಮಕ್ಕಳು ಇದನ್ನ ಹಿಡ್ಕೊಂಡು ಆಡೋದಿಲ್ವಾ? ಅವರೂ ಬೀಸೋದಿಲ್ವಾ?"

ಸಾಹುಕಾರರು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ಹತ್ತಿರ ಹೋಗಿ ಅವರ ಕೈಯಿಂದ ಪಟ್ಟರನ್ನು ಬಿಡಿಸಿಕೊಂಡರು. ಕಿತ್ತುಕೊಂಡರು ಎಂದರೂ ತಪ್ಪಾಗಲಾರದು. ನಾಲ್ಕು ಹೆಜ್ಜೆ ನಡೆದು ಕ್ಲಬ್ಬಿನ ಕಲ್ಲಿನ ಮೆಟ್ಟಿಲಿಗೆ ಅದರ ತಲೆಯನ್ನು ಬಲವಾಗಿ ಅಪ್ಪಳಿಸಿದರು. ಮುರಿಯುತ್ತದೆ, ಮುರಿದದ್ದನ್ನು ಕಂಡರೆ ಸಾಹುಕಾರರಿಗೂ ಮನವರಿಕೆಯಾಗುತ್ತದೆ ಎಂದುಕೊಂಡಿದ್ದರು. ಮುರಿಯಲಿಲ್ಲ. ಮತ್ತೊಮ್ಮೆ ಅಪ್ಪಳಿಸಿದರು. ಉಕ್ಕಿನ ಶಾಫ್ಟು ಬಾಗಿತು, ಮೆಟ್ಟಿಲಿನ ಅಂಚಿನಿಂದ ಒಂದು ಚಕ್ಕೆ ಕಲ್ಲು ಎದ್ದಿತು. ತಲೆ, ಕುತ್ತಿಗೆ ಎರಡೂ ಹಾಗೇ ಇದ್ದವು.

ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಸಾಹುಕಾರರು ತಿರುಗಿ, ತಮ್ಮ ಜೀಪಿನ ಕಡೆ ನಡೆದುಹೋದರು.

ಶೆಡ್ಡಿಗೆ ಬಂದು ಅಕ್ಕ ಅದನ್ನೂ ಕತ್ತರಿಸಿದರು. ಒಳಗೆ ಗಟ್ಟಿ ಹಿತ್ತಾಳೆ. ಭೂತಗನ್ನಡಿ ಹಿಡಿದು ಹುಡುಕಿದರೂ ಸೂಜಿಮೊನೆಯಷ್ಟು ತೂತು ಇರಲಿಲ್ಲ. ಅವತ್ತು ಅವರು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಅವರ ಗಂಡ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತಿದ್ದ.

ವಾಪಸ್ ಕಳಿಸಿದ ಎಲ್ಲರಿಗೂ ಬದಲಿ ಮಾಡಿಕೊಡುವವರೆಗೆ ಹೊಸ ಕೆಲಸ ಹಿಡಿಯಲಿಲ್ಲ. ಅಷ್ಟು ಕಾಲ ಮನೆ ನಡೆಯಬೇಕಲ್ಲ, ಹಗಲು ಹೊತ್ತು ಹಳೆಯ ಲ್ಯಾಬಿಗೆ ಹೋಗಿ ಹಲ್ಲು ಮಾಡಿದರು. ಸಾಹುಕಾರರಿಗೆ ಬೇಸಿಗೆಯ ಸುಡುಬಿಸಿಲಲ್ಲಿ, ಅದೇ ಮಾದರಿಯಲ್ಲಿ, ಅದೇ ತೂಕದಲ್ಲಿ ಒಂದು ಮಾಡಿ ನನ್ನ ಕೈಯಲ್ಲಿ ಕಳಿಸಿದರು. ಸಾಹುಕಾರರು ನನ್ನೆದುರಿಗೇ ನಾಲ್ಕಾರು ಚೆಂಡು ಉರುಳಿಸಿ, "ಚೆನ್ನಾಗುಂಟು, ಹೇಳಿಬಿಡು" ಎಂದರು. ನಾನು ಬಂದು ಅದನ್ನೇ ಹೇಳಿದೆ. ಅಕ್ಕ ನನ್ನ ಮುಖ ನೋಡಿ, "ಮತ್ತೆ ಉರುಳಿಸಿದ್ರಾ? ಅಷ್ಟಕ್ಕೇ ನಿಲ್ಲಿಸಿದ್ರಾ?" ಎಂದು ಕೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರು. ಮುಂದಿನ ಮಳೆಗಾಲದ ಹೊತ್ತಿಗೆ ಸಾಹುಕಾರರು ಆಟವನ್ನೇ ಬಿಟ್ಟರು. ಕ್ಲಬ್ಬಿಗೆ ಹೋಗುತ್ತಿದ್ದರು, ವರಾಂಡದಲ್ಲಿ ಕೂತು ಬರುತ್ತಿದ್ದರು. ಶೆಡ್ಡಿನ ಕಡೆಗೆ ಮಾತ್ರ ಬರಲಿಲ್ಲ.

"ನಾನು ಮಾಡಿದ್ದು ಸರಿಯಾ ತಮ್ಮ?" ಎಂದು ಅಕ್ಕ ಒಮ್ಮೆ ಕೇಳಿದ್ದರು. ಸರಿಯೇ ಎಂದೆ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಸರಿಯಾದ ಕೆಲಸದಿಂದ ಒಬ್ಬ ಮುದುಕರ ಆಟ ನಿಂತುಹೋಯಿತು ಎನ್ನುವುದೂ ನಿಜವೇ. ಅವೆರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದು ಎಂದು ನನಗೆ ತಿಳಿಯದು. ಅಕ್ಕನಿಗೂ ತಿಳಿದಿರಲಿಲ್ಲ ಎಂದೇ ನನ್ನ ಎಣಿಕೆ. ಸಾಹುಕಾರರು ಪೇಟೆಯಲ್ಲಿ ಕಂಡರಾ, ಹೇಗಿದ್ದಾರೆ, ಊರುಗೋಲು ಹಿಡಿದು ನಡೆಯುತ್ತಾರಾ ಎಂದು ನನ್ನನ್ನು ವಿಚಾರಿಸುವುದು ಅವರು ಕೊನೆಯವರೆಗೂ ಬಿಡಲಿಲ್ಲ.

ಆ ಘಟನೆಯಿಂದ ಅವರ ಹೆಸರು ಹೋಗಲಿಲ್ಲ. ಪಟ್ಟರುಗಳನ್ನು ವಾಪಸ್ ತರಿಸಿಕೊಂಡ ಸುದ್ದಿ ಆಡುವವರ ಬಾಯಿಂದ ಬಾಯಿಗೆ ಹೋಗಿ, ಇಂಥವರ ಹತ್ತಿರವೇ ಮಾಡಿಸಬೇಕು ಎಂದು ಹುಡುಕಿಕೊಂಡು ಬಂದವರಿದ್ದರು. ಅಕ್ಕ ಅದನ್ನು ಸಂತೋಷದಿಂದ ಹೇಳಿಕೊಂಡಿದ್ದನ್ನು ನಾನು ಕೇಳಲಿಲ್ಲ. ಮಳೆಗಾಲದಲ್ಲಿ ಎರಕ ಹೊಯ್ಯುವುದನ್ನು ಪೂರ್ತಿಯಾಗಿ ನಿಲ್ಲಿಸಿದರು. ಒಂದು ಸಲಕ್ಕೆ ಒಬ್ಬರ ಕೆಲಸ ಮಾತ್ರ. ತಿಂಡಿಯ ಪ್ರಶ್ನೆಗಳು, ಸಿಟ್ಟು, ತಡ, ಎಲ್ಲ ಮೊದಲಿನಂತೆಯೇ ಮುಂದುವರಿದವು.

ಕಳೆದ ವರ್ಷ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಮೈಸೂರಿಗೆ ಹೋದರು, ಬಂದರು, ಮತ್ತೆ ಹೋದರು. ಕೊನೆಗೆ ಮನೆಯಲ್ಲೇ ಇರುತ್ತೇನೆ ಎಂದರು. ಹಿಡಿದಿದ್ದ ಕೆಲಸಗಳನ್ನು ಹೇಗೋ ಮುಗಿಸಿದರು. ಆರ್ಡರ್ ಕೊಟ್ಟು ಕಾಯುತ್ತಿದ್ದ ಉಳಿದವರಿಗೆಲ್ಲ, ಬೇರೆ ಯಾರ ಹತ್ತಿರವಾದರೂ ಮಾಡಿಸಿಕೊಳ್ಳಿ ಎಂದು ಹೇಳುವ ಕೆಲಸ ನನ್ನದಾಯಿತು.

ನೋಡಲು ಬಂದವರೆಲ್ಲ ಮೆಲ್ಲಗೆ ಮಾತಾಡುತ್ತಿದ್ದರು. ಹಣ್ಣು ಇಟ್ಟು, ಕೈ ಹಿಡಿದು, ದೇವರಿದ್ದಾನೆ ಎಂದು ಹೋಗುತ್ತಿದ್ದರು. ಅಕ್ಕ ಅವರೆಲ್ಲರಿಗೂ ತಲೆಯಾಡಿಸಿ, ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಸಾಹುಕಾರರು ನನ್ನ ಅಂಗಡಿಗೆ ಬಂದರು. ಉಳಿದಿದ್ದ ಒಂದು ಕಣ್ಣೂ ಮಂಜಾಗಿತ್ತು, ನಡಿಗೆ ನಿಧಾನವಾಗಿತ್ತು. "ಅವಳ ಮನೆಗೆ ಕರ್ಕೊಂಡು ಹೋಗಪ್ಪ" ಎಂದರು. ಕೈ ಹಿಡಿದು ಒಳಗೆ ಕರೆದೊಯ್ದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಅಕ್ಕ ಎದ್ದು ಕೂರಲು ಹವಣಿಸಿದರು, ಆಗಲಿಲ್ಲ. ಹೇಗಿದ್ದೀಯ ಎಂದು ಸಾಹುಕಾರರು ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ದೊಡ್ಡ ದನಿಯಲ್ಲಿ ಹೇಳಿದರು:

"ಆ ಪಟ್ಟರ್ ಹಾಳು ಮಾಡಿದೆಯಲ್ಲ, ನಿನ್ನ ಮೇಲೆ ಸಿಟ್ಟು ನನಗೆ ಇನ್ನೂ ಹೋಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಕ್ಕನ ಗಂಡ ಒಂದು ಹೆಜ್ಜೆ ಮುಂದೆ ಬಂದ. ಆದರೆ ಅಕ್ಕನ ಮುಖದಲ್ಲಿ, ಎಷ್ಟೋ ವಾರಗಳಿಂದ ಇರದಿದ್ದ ಒಂದು ಕಳೆ ಬಂತು.

"ಇರ್ಲಿ ಸಾರ್. ಇಟ್ಕೊಳ್ಳಿ."

"ಮತ್ತೆ ಅಂಥದ್ದೇ ಆದ್ರೆ ಎಂಥ ಮಾಡ್ತೀಯ?"

"ಮತ್ತೆ ಕತ್ತರಿಸ್ತೇನೆ. ಆದ್ರೆ ಮೊದ್ಲು ನಿಮ್ಮನ್ನ ಒಪ್ಪಿಸಿ ಕತ್ತರಿಸ್ತೇನೆ. ಅವತ್ತು ಕಿತ್ಕೊಂಡಿದ್ದು ತಪ್ಪು."

"ನಾನು ಒಪ್ತಿರ್ಲಿಲ್ಲ."

"ಗೊತ್ತು. ನೀವು ಒಪ್ಪೋವರೆಗೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ."

"ಕೂತಿರ್ಬೇಕಿತ್ತು. ನಾನೇನು ಹೆದರ್ತಿರ್ಲಿಲ್ಲ."

"ನಿಮಗೆ ಹೆದರಿಕೆ ಇದ್ದಿದ್ರೆ ಆ ಕಪ್ ಎಲ್ಲಿ ಗೆಲ್ತಿದ್ರಿ?"

ಹೀಗೇ ಜಗಳ ಸಾಗಿತು. ಮಾತಿನ ನಡುವೆ ಅಕ್ಕ ಗಂಡನಿಗೆ ಸನ್ನೆ ಮಾಡಿ ಬೆನ್ನಿಗೆ ದಿಂಬು ಇಡಿಸಿಕೊಂಡು ಒರಗಿ ಕೂತರು. ಸಾಹುಕಾರರಿಗೆ ಕಾಫಿ ತರಿಸಿದರು, ಸಕ್ಕರೆ ಹೆಚ್ಚಾಯಿತು ಎಂದು ಅವರು ಅದಕ್ಕೂ ತಕರಾರು ತೆಗೆದರು. ಹೊರಡುವಾಗ ಸಾಹುಕಾರರು ಅಕ್ಕನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿ, ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟರು.

ಸಾಹುಕಾರರನ್ನು ಮನೆಗೆ ಬಿಡಲು ಹೊರಟ ನನ್ನ ವ್ಯಾನು ಗುಡ್ಡೆಹೊಸೂರು ದಾಟಿತು. ನನಗೆ ಕೇಳದೆ ಇರಲಾಗಲಿಲ್ಲ.

"ಇಷ್ಟು ವರ್ಷ ಸಿಟ್ಟು ಇಟ್ಕೊಂಡಿದ್ರಾ ಸಾರ್?"

ಸಾಹುಕಾರರು ಕಿಟಕಿಯ ಹೊರಗೆ ಮುಖ ಮಾಡಿದ್ದರು.

"ಎಲ್ಲಿಯ ಸಿಟ್ಟು ಮಾರಾಯ. ಅದು ಯಾವಾಗ್ಲೋ ಹೋಯ್ತು. ಆದ್ರೆ ಬಂದೋರೆಲ್ಲ ಅವಳ ಹತ್ರ ಅಯ್ಯೋ ಪಾಪ ಅಂತ ಹೇಳಿ ಹೋಗಿರ್ತಾರೆ. ಜಗಳ ಮಾಡೋಕೂ ಒಬ್ಬ ಬೇಕಲ್ವಾ?"